ಅಲರ್ಜಿ ಎಂಬ ಪದವನ್ನು ನೀಡಿದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ: ಜೀವನ ಪರಿಚಯ ಮತ್ತು ಸಾರ್ವಜನಿಕ ಮಾಹಿತಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ನಾಗರಿಕರು ಚಿಕಿತ್ಸೆಗಾಗಿ ಆಸ್ಪತ್ರೆಗೆ ಬಂದಾಗ, ಯಾವುದಾದರೂ ಔಷಧವು ಮೈಗೆ ಒಗ್ಗುವುದಿಲ್ಲವೇ ಎಂಬ ಪ್ರಶ್ನೆಗೆ ಉತ್ತರ ನೀಡಬೇಕಾಗುತ್ತದೆ. ಪೆನಿಸಿಲಿನ್ ಆಗುವುದಿಲ್ಲ ಎಂದು ಹೇಳುವವರು ಅನೇಕರಿದ್ದಾರೆ. ಯಾವಾಗ, ಏನಾಯಿತು ಎಂದು ವಿಚಾರಿಸಿದರೆ ಚಿಕ್ಕಂದಿನಲ್ಲಿ ಮೈಮೇಲೆ ಗಂಧೆ ಎದ್ದಿತ್ತಂತೆ, ತಾಯಿಯವರು ಹೇಳುತ್ತಿದ್ದರು ಎಂಬುದಕ್ಕಿಂತ ಹೆಚ್ಚಿನ ವಿವರ ದೊರೆಯುವುದಿಲ್ಲ. ಅಷ್ಟರ ಮೇಲೆ ಹೊರರೋಗಿ ಚೀಟಿಯಲ್ಲಿ ಬರೆಯಲಾದ ಒಂದು ಸಾಲು ಆ ವ್ಯಕ್ತಿಯ ಜೀವಮಾನವಿಡೀ ಉಳಿದುಬಿಡುತ್ತದೆ. ಆ ಸಾಲು ನಿಜವಾಗಿದ್ದರೆ ಅದು ಜೀವ ಉಳಿಸುತ್ತದೆ. ನಿಜವಲ್ಲದಿದ್ದರೆ ಅಗ್ಗವೂ ಪರಿಣಾಮಕಾರಿಯೂ ಆದ ಔಷಧವೊಂದು ಕಾರಣವಿಲ್ಲದೆ ಕೈತಪ್ಪಿಹೋಗುತ್ತದೆ. ಈ ವ್ಯತ್ಯಾಸವನ್ನು ಪರೀಕ್ಷೆಯಿಂದ ತಿಳಿಯಬಹುದೆಂಬ ಮಾರ್ಗಕ್ಕೆ ತಳಹದಿ ಹಾಕಿದವರಲ್ಲಿ ಪ್ರಮುಖರು ಆಸ್ಟ್ರಿಯಾ ದೇಶದ ಮಕ್ಕಳ ತಜ್ಞ ಕ್ಲೆಮೆನ್ಸ್ ಫಾನ್ ಪಿರ್ಕೆ ಅವರು. ಅವರ ಜೀವನ ಚರಿತ್ರೆಯನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ಪ್ರಕಟಿಸಲಾಗಿದೆ.

ಪಿರ್ಕೆ ಅವರು 1874ನೇ ಇಸವಿ ಮೇ 12ರಂದು ವಿಯೆನ್ನಾ ನಗರದ ಸಮೀಪದ ಹಿರ್ಷ್‌ಸ್ಟೆಟೆನ್ ಎಂಬಲ್ಲಿ ಕುಲೀನ ಮನೆತನದಲ್ಲಿ ಜನಿಸಿದರು. ಆ ಕಾಲದಲ್ಲಿ ನಮ್ಮ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೂ, ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರಲ್ಲಿ. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದದ್ದು ಅದಕ್ಕೂ ಎಷ್ಟೋ ವರ್ಷಗಳ ನಂತರ. ಪಿರ್ಕೆ ಅವರ ತಂದೆ ಪೀಟರ್ ಅವರು ಜಮೀನ್ದಾರರು ಹಾಗೂ ಸಂಸತ್ತಿನ ಸದಸ್ಯರು. ತಾಯಿ ಫ್ಲೋರಾ ಅವರದು ವಿಯೆನ್ನಾದ ಹೆಸರಾಂತ ಲೇವಾದೇವಿ ಮನೆತನ. ಸಹೋದರ ಗೀಡೋ ಅವರು ಮುಂದೆ ರಾಕೆಟ್ ವಿಜ್ಞಾನದಲ್ಲಿ ಹೆಸರು ಮಾಡಿದರು.

ಮಗನು ಧರ್ಮಗುರುವಾಗುವನೆಂಬ ನಿರೀಕ್ಷೆ ಮನೆಯಲ್ಲಿತ್ತು. ಅದರಂತೆ ಪಿರ್ಕೆ ಅವರು ಇನ್ಸ್‌ಬ್ರುಕ್‌ನಲ್ಲಿ ಧರ್ಮಶಾಸ್ತ್ರವನ್ನೂ, ಬೆಲ್ಜಿಯಂನ ಲೂವೆನ್‌ನಲ್ಲಿ ತತ್ತ್ವಶಾಸ್ತ್ರವನ್ನೂ ವ್ಯಾಸಂಗ ಮಾಡಿದರು. ಅನಂತರ ಆ ದಾರಿಯನ್ನು ಬಿಟ್ಟು ವೈದ್ಯ ವಿದ್ಯೆಯ ಕಡೆಗೆ ತಿರುಗಿ, 1900ರಲ್ಲಿ ಗ್ರಾಟ್ಸ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ಮಕ್ಕಳ ತಜ್ಞರಾದ ಥಿಯೊಡೋರ್ ಎಷೆರಿಖ್ ಅವರ ಶಿಷ್ಯರಾಗಿ ಸೇರಿದರು. ಕುಡಿಯುವ ನೀರಿನ ತಪಾಸಣಾ ವರದಿಗಳಲ್ಲಿ ಇಂದಿಗೂ ಕಾಣಬರುವ ಇ. ಕೋಲಿ ಎಂಬ ಸೂಕ್ಷ್ಮಾಣುವಿಗೆ ಎಷೆರಿಖ್ ಅವರ ಹೆಸರನ್ನೇ ಇಡಲಾಗಿದೆ.

ವಿಯೆನ್ನಾದ ಮಕ್ಕಳ ಆಸ್ಪತ್ರೆಯಲ್ಲಿ ಪಿರ್ಕೆ ಅವರ ಮುಂದೆ ಬಂದ ಸಮಸ್ಯೆ ಈ ಕೆಳಗಿನಂತಿತ್ತು. ಆಗ ಪ್ರತಿಜೀವಕ ಔಷಧಗಳಿರಲಿಲ್ಲ. ಗಂಟಲುಮಾರಿ ಬಂದ ಮಗುವಿಗೆ, ಆ ರೋಗದ ವಿಷದ ವಿರುದ್ಧ ಪ್ರತಿರೋಧ ಬೆಳೆಸಿದ ಕುದುರೆಯ ರಕ್ತದಿಂದ ತೆಗೆದ ಸೀರಂ ದ್ರವವನ್ನು ಚುಚ್ಚುಮದ್ದಾಗಿ ನೀಡಲಾಗುತ್ತಿತ್ತು. 1890ರ ದಶಕದಿಂದ ಬಳಕೆಗೆ ಬಂದ ಈ ಚಿಕಿತ್ಸೆಯಿಂದ ಸಾಯಬೇಕಾದ ಮಕ್ಕಳು ಬದುಕಿಕೊಂಡರು. ಆದರೆ ಬದುಕಿಕೊಂಡ ಕೆಲವು ಮಕ್ಕಳಿಗೆ ಎಂಟು ಹತ್ತು ದಿನಗಳ ನಂತರ ಜ್ವರ, ಮೈಯೆಲ್ಲಾ ಗಂಧೆ, ಕೀಲುನೋವು, ಗ್ರಂಥಿಗಳ ಊತ ಕಾಣಿಸಿಕೊಳ್ಳುತ್ತಿತ್ತು. ತಿಂಗಳುಗಳ ನಂತರ ಅದೇ ಮಗುವಿಗೆ ಎರಡನೆಯ ಸಾರಿ ಸೀರಂ ನೀಡಬೇಕಾಗಿ ಬಂದರೆ, ಅದೇ ಲಕ್ಷಣಗಳು ಹತ್ತು ದಿನ ಕಾಯದೆ ಅದೇ ದಿನ ಅಥವಾ ಮಾರನೆಯ ದಿನವೇ ಬರುತ್ತಿದ್ದವು. ಇದನ್ನು ಅನೇಕ ವೈದ್ಯರು ನೋಡಿದ್ದರು. ಪಿರ್ಕೆ ಅವರು ಮತ್ತು ಅವರ ಸ್ನೇಹಿತ, ಹಂಗೇರಿ ಮೂಲದ ಬೇಲಾ ಷಿಕ್ ಅವರು ದಿನಗಳನ್ನು ಎಣಿಸಿ ಬರೆದಿಟ್ಟರು. ಯಾವ ಮಗುವಿಗೆ ಯಾವ ದಿನಾಂಕದಂದು ಮೊದಲ ಚುಚ್ಚುಮದ್ದು, ಎಷ್ಟನೆಯ ದಿನ ಗಂಧೆ, ಎರಡನೆಯ ಚುಚ್ಚುಮದ್ದಿನ ನಂತರ ಎಷ್ಟು ತಾಸು ಎಂಬ ವಹಿಯನ್ನು ಅವರು ಇಟ್ಟರು. ಲೆಕ್ಕಪತ್ರ ನೋಡಿ ಅಭ್ಯಾಸವಿರುವವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ದಿನಾಂಕವಿಲ್ಲದ ನಮೂದು ನಮೂದೇ ಅಲ್ಲ.

ಆ ದಿನಾಂಕಗಳಿಂದ ಪಿರ್ಕೆ ಅವರು ತೆಗೆದ ತೀರ್ಮಾನವು ಆ ಕಾಲದ ವೈದ್ಯಶಾಸ್ತ್ರಕ್ಕೆ ವಿರುದ್ಧವಾಗಿತ್ತು. ಸೋಂಕು ತಗುಲಿದ ನಂತರ ರೋಗ ಕಾಣಿಸಿಕೊಳ್ಳುವವರೆಗಿನ ಅವಧಿಯು ರೋಗಾಣುಗಳು ವೃದ್ಧಿಯಾಗಲು ಬೇಕಾದ ಕಾಲವೆಂದು ಎಲ್ಲರೂ ನಂಬಿದ್ದರು. ಆದರೆ ಕುದುರೆಯ ಸೀರಂನಲ್ಲಿ ವೃದ್ಧಿಯಾಗುವಂತಹ ಜೀವಿ ಯಾವುದೂ ಇರಲಿಲ್ಲ. ಹಾಗಿದ್ದರೂ ಎಂಟು ಹತ್ತು ದಿನಗಳ ಅವಧಿ ಬೇಕಾಗುತ್ತಿತ್ತು. ಆದ್ದರಿಂದ ಆ ಅವಧಿಯು ಹೊರಗಿನಿಂದ ಬಂದ ವಸ್ತುವಿನದಲ್ಲ, ಶರೀರದ್ದು. ಹೊರವಸ್ತುವಿನ ವಿರುದ್ಧ ಪ್ರತಿವಸ್ತುವನ್ನು ಸಿದ್ಧಪಡಿಸಲು ಶರೀರಕ್ಕೆ ಹಿಡಿಯುವ ಕಾಲ ಅದು. ಎರಡನೆಯ ಸಾರಿ ಪ್ರತಿವಸ್ತು ಮೊದಲೇ ಸಿದ್ಧವಿರುವುದರಿಂದ ಪ್ರತಿಕ್ರಿಯೆ ಕೂಡಲೇ ಬರುತ್ತದೆ. ಈ ವಿಚಾರವನ್ನು ಪಿರ್ಕೆ ಅವರು 1903ರಲ್ಲಿ ಬರೆದು, ಮೊಹರು ಮಾಡಿದ ಲಕೋಟೆಯಲ್ಲಿ ವಿಯೆನ್ನಾದ ವಿಜ್ಞಾನ ಅಕಾಡೆಮಿಯಲ್ಲಿ ಇರಿಸಿದರು. ಆಗ ಅವರ ವಯಸ್ಸು 29 ವರ್ಷ ತುಂಬಿರಲಿಲ್ಲ. 1905ರಲ್ಲಿ ಷಿಕ್ ಅವರೊಂದಿಗೆ ಸೀರಂ ಕಾಯಿಲೆಯ ಕುರಿತ ಗ್ರಂಥವನ್ನು ಪ್ರಕಟಿಸಿದರು.

ಮಾರನೆಯ ವರ್ಷ, ಅಂದರೆ 1906ರಲ್ಲಿ, ಮ್ಯೂನಿಕ್‌ನ ವೈದ್ಯಕೀಯ ವಾರಪತ್ರಿಕೆಯೊಂದರಲ್ಲಿ ಅವರು ಬರೆದ ಚಿಕ್ಕ ಲೇಖನವೊಂದರಲ್ಲಿ ಅಲರ್ಜಿ ಎಂಬ ಪದವು ಪ್ರಥಮ ಬಾರಿಗೆ ಬಳಕೆಯಾಯಿತು. ಗ್ರೀಕ್ ಭಾಷೆಯಲ್ಲಿ ಬೇರೆ ಎಂಬ ಅರ್ಥದ ಪದವನ್ನೂ ಕ್ರಿಯೆ ಎಂಬ ಅರ್ಥದ ಪದವನ್ನೂ ಕೂಡಿಸಿ ಇದನ್ನು ರಚಿಸಲಾಗಿತ್ತು. ಒಂದು ವಸ್ತುವಿನ ಪರಿಚಯವಾದ ಮೇಲೆ ಆ ವಸ್ತುವಿಗೆ ಶರೀರವು ತೋರುವ ಬದಲಾದ ವರ್ತನೆಯೆಂಬುದು ಪಿರ್ಕೆ ಅವರ ಅರ್ಥ. ಆ ಬದಲಾವಣೆ ರಕ್ಷಣೆಯೂ ಆಗಿರಬಹುದು, ಉಪದ್ರವವೂ ಆಗಿರಬಹುದು. ಹೊಸ ಪದದ ಅಗತ್ಯವೇ ಇಲ್ಲವೆಂದು ಅನೇಕ ವಿದ್ವಾಂಸರು ಆಕ್ಷೇಪಿಸಿದರು. ಕಾಲಕ್ರಮೇಣ ರಕ್ಷಣೆಯ ಅರ್ಥವು ಬಿಟ್ಟುಹೋಗಿ ಉಪದ್ರವದ ಅರ್ಥ ಮಾತ್ರ ಉಳಿಯಿತು. ಇಂದು ಆ ಪದ ಹೊನ್ನಾಳಿಯ ಔಷಧ ಅಂಗಡಿಯ ಕಟ್ಟೆಯ ಮೇಲೂ ಇದೆ. ಧೂಳಿಗೆ ಸೀನು ಬಂದರೂ ಅಲರ್ಜಿ, ಊಟ ಜೀರ್ಣವಾಗದಿದ್ದರೂ ಅಲರ್ಜಿ. ಇಷ್ಟು ಸಡಿಲವಾಗಿ ಬಳಸಲ್ಪಡುವುದೇ ಚೀಟಿಯ ಮೇಲಿನ ತಪ್ಪು ನಮೂದುಗಳಿಗೆ ಒಂದು ಕಾರಣವಾಗಿದೆ.

ಪಿರ್ಕೆ ಅವರ ಎರಡನೆಯ ದೊಡ್ಡ ಕೊಡುಗೆ ಚರ್ಮದ ಪರೀಕ್ಷೆ. ನಮ್ಮ ಹಿರಿಯರು ದೇವಿ ಹಾಕಿಸಿಕೊಂಡದ್ದೆಂದು ತೋಳಿನ ಕಲೆಯನ್ನು ತೋರಿಸುತ್ತಿದ್ದ ಆ ಸಿಡುಬಿನ ಲಸಿಕೆಯನ್ನು ಪಿರ್ಕೆ ಅವರು ಕೂಲಂಕಷವಾಗಿ ಅಧ್ಯಯನ ಮಾಡಿದರು. ಒಮ್ಮೆ ಲಸಿಕೆ ಪಡೆದವರಿಗೆ ಮತ್ತೊಮ್ಮೆ ಹಾಕಿದಾಗ ಚರ್ಮವು ಮೊದಲಿಗಿಂತ ಬೇಗ ಕೆಂಪಾಗುತ್ತದೆಂಬುದನ್ನು ಗಮನಿಸಿದರು. ಹಾಗಾದರೆ ಚರ್ಮದ ಒಂದು ಚಿಕ್ಕ ಗೀರಿನಿಂದ ಶರೀರದ ಹಿಂದಿನ ಪರಿಚಯವನ್ನು ತಿಳಿಯಬಹುದಲ್ಲವೇ ಎಂದು ಯೋಚಿಸಿ, 1907ರಲ್ಲಿ ರಾಬರ್ಟ್ ಕಾಕ್ ಅವರ ಟ್ಯುಬರ್ಕುಲಿನ್ ದ್ರವದ ಹನಿಯನ್ನು ಮಕ್ಕಳ ಮುಂದೋಳಿನ ಮೇಲಿಟ್ಟು ಅಲ್ಲಿ ಲಘುವಾಗಿ ಗೀರಿದರು. ಕ್ಷಯದ ಸೋಂಕು ಹಿಂದೆ ತಗುಲಿದ್ದ ಮಗುವಿಗೆ ಒಂದೆರಡು ದಿನಗಳಲ್ಲಿ ಅಲ್ಲಿ ಕೆಂಪು ಗುಳ್ಳೆ ಏಳುತ್ತಿತ್ತು. ವಿಯೆನ್ನಾದ ಮಕ್ಕಳಲ್ಲಿ ಬಹುಪಾಲು ಮಂದಿಗೆ ಪ್ರಾಯಕ್ಕೆ ಬರುವಷ್ಟರಲ್ಲಿ ಕ್ಷಯದ ಸೋಂಕು ತಗುಲಿರುತ್ತದೆ, ಆದರೆ ಅವರಲ್ಲಿ ಹೆಚ್ಚಿನವರು ರೋಗಿಗಳಲ್ಲ ಎಂಬ ಸಂಗತಿ ಇದರಿಂದ ಹೊರಬಂತು. 1908ರಲ್ಲಿ ಫ್ರಾನ್ಸಿನ ಷಾರ್ಲ್ ಮಾಂಟೂ ಅವರು ಗೀರುವ ಬದಲು ಸೂಜಿಯಿಂದ ಚರ್ಮದೊಳಕ್ಕೆ ದ್ರವ ನೀಡುವ ವಿಧಾನವನ್ನು ತಂದರು. ಕೈಗೆ ಚುಚ್ಚಿ, ಸುತ್ತಲೂ ಪೆನ್ನಿನಿಂದ ಗುರುತು ಹಾಕಿ, 48 ರಿಂದ 72 ಗಂಟೆಗಳ ನಂತರ ಬಂದು ತೋರಿಸಲು ಹೇಳುವ ಮಾಂಟೂ ಪರೀಕ್ಷೆ ಇದೇ.

ಕರ್ನಾಟಕಕ್ಕೂ ಈ ಪರೀಕ್ಷೆಗೂ ಹಳೆಯ ನಂಟಿದೆ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1960–61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಟ್ಯುಬರ್ಕುಲಿನ್ ಪರೀಕ್ಷೆಯೂ ಒಂದು ಸಾಧನವಾಗಿತ್ತು. ಪಿರ್ಕೆ ಅವರು ವಿಯೆನ್ನಾದ ಮಕ್ಕಳ ತೋಳಿನ ಮೇಲೆ ಓದಿದ್ದನ್ನು ಸುಮಾರು ಅರ್ಧ ಶತಮಾನದ ಬಳಿಕ ನಮ್ಮ ಹಳ್ಳಿಗಳಲ್ಲಿ ಓದಲಾಯಿತು.

1909ರಲ್ಲಿ ಅವರು ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1910ರಲ್ಲಿ ಯೂರೋಪಿಗೆ ಹಿಂದಿರುಗಿ ಬ್ರೆಸ್ಲಾವ್‌ನಲ್ಲಿ ಕೆಲಕಾಲವಿದ್ದು, ಎಷೆರಿಖ್ ಅವರು ನಿಧನರಾದ ಮೇಲೆ 1911ರಲ್ಲಿ ವಿಯೆನ್ನಾದ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥರಾದರು. ಕೊನೆಯವರೆಗೂ ಅಲ್ಲಿಯೇ ಸೇವೆ ಸಲ್ಲಿಸಿದರು.

ಮೊದಲನೆಯ ಮಹಾಯುದ್ಧ ಮುಗಿದಾಗ ಆಸ್ಟ್ರಿಯಾದಲ್ಲಿ ಆಹಾರಕ್ಕೆ ಹಾಹಾಕಾರವೆದ್ದಿತ್ತು. ಅಮೆರಿಕದ ಪರಿಹಾರ ಸಂಸ್ಥೆಯ ನೆರವಿನಿಂದ ಮಕ್ಕಳಿಗೆ ಊಟ ನೀಡುವ ಕಾರ್ಯಕ್ರಮದ ಹೊಣೆ ಪಿರ್ಕೆ ಅವರ ಮೇಲೆ ಬಿತ್ತು. ಯಾವ ಮಗುವಿಗೆ ಮೊದಲು ಊಟ ಸಲ್ಲಬೇಕು? ಶಿಫಾರಸಿನ ಮೇಲೆ ತೀರ್ಮಾನಿಸುವುದು ಬೇಡವೆಂದು, ಮಗುವಿನ ತೂಕ ಹಾಗೂ ಕುಳಿತಿರುವಾಗಿನ ಎತ್ತರವನ್ನು ಅಳೆದು ಒಂದು ಸೂಚ್ಯಂಕವನ್ನು ಲೆಕ್ಕಹಾಕುವ ಪದ್ಧತಿಯನ್ನು ಅವರು ಜಾರಿಗೆ ತಂದರು. ಎಲ್ಲಾ ಆಹಾರ ಪದಾರ್ಥಗಳ ಪೋಷಣಾ ಮೌಲ್ಯವನ್ನು ಒಂದು ಗ್ರಾಂ ಹಾಲಿಗೆ ಹೋಲಿಸಿ ಅಳೆಯುವ ನೆಮ್ ಎಂಬ ಏಕಮಾನವನ್ನೂ ರೂಪಿಸಿದರು. ಬೇರೆ ಬೇರೆ ದೇಶಗಳ ಹಣವನ್ನು ಒಂದೇ ನಾಣ್ಯಕ್ಕೆ ಪರಿವರ್ತಿಸಿ ಲೆಕ್ಕ ಇಡುವಂತೆ ಇದು. ಈ ಪದ್ಧತಿಯು ಅವರ ಕಾಲದ ನಂತರ ಬಳಕೆಯಲ್ಲಿ ಉಳಿಯಲಿಲ್ಲ; ಆದರೆ ಅದರಂತೆ ಲಕ್ಷಾಂತರ ಮಕ್ಕಳು ಊಟ ಮಾಡಿದರು. ಫಲಾನುಭವಿಗಳ ಆಯ್ಕೆಗೆ ಅಳತೆಯನ್ನು ಆಧಾರವಾಗಿಸಿದ ಈ ಕೆಲಸವು ಪಿರ್ಕೆ ಅವರ ಪದಕ್ಕಿಂತ ಕಡಿಮೆಯದೇನಲ್ಲವೆಂಬುದು ಈ ಪುಟದ ಲೇಖಕರ ಅಭಿಪ್ರಾಯ.

ಅವರ ಹೆಸರು ನೊಬೆಲ್ ಪ್ರಶಸ್ತಿಗೆ ಹಲವು ಬಾರಿ ಸೂಚಿತವಾದರೂ ಪ್ರಶಸ್ತಿ ಬರಲಿಲ್ಲ. 1928ರಲ್ಲಿ ಆಸ್ಟ್ರಿಯಾದ ರಾಷ್ಟ್ರಾಧ್ಯಕ್ಷ ಸ್ಥಾನಕ್ಕೂ ಅವರ ಹೆಸರು ಕೇಳಿಬಂದಿತ್ತು. ಮನೆಯೊಳಗಿನ ಸ್ಥಿತಿ ಬೇರೆಯಾಗಿತ್ತು. ಪತ್ನಿ ಮರಿಯಾ ಅವರು ದೀರ್ಘಕಾಲದಿಂದ ಅಸ್ವಸ್ಥರಾಗಿದ್ದರು. 1929ರ ಫೆಬ್ರುವರಿ 28ರಂದು ಪಿರ್ಕೆ ದಂಪತಿಗಳು ತಮ್ಮ ಜೀವನವನ್ನು ತಾವೇ ಕೊನೆಗೊಳಿಸಿಕೊಂಡರು. ಆಗ ಪಿರ್ಕೆ ಅವರಿಗೆ 54 ವರ್ಷ. ಮನಸ್ಸಿನ ತೊಂದರೆಯಲ್ಲಿ ಇರುವವರು ಮತ್ತು ಅವರ ಮನೆಯವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದೆಂದು ಈ ಸಂದರ್ಭದಲ್ಲಿ ತಿಳಿಯಪಡಿಸಲಾಗಿದೆ.

ಅದೇ 1929ರಲ್ಲಿ, ಪಿರ್ಕೆ ಅವರು ತೀರಿಕೊಂಡ ಕೆಲವೇ ತಿಂಗಳುಗಳಲ್ಲಿ, ಲಂಡನ್ನಿನ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ಪೆನಿಸಿಲಿನ್ ಕುರಿತ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಅಲರ್ಜಿ ಎಂಬ ಪದವನ್ನು ಇಂದು ಅತಿ ಹೆಚ್ಚಾಗಿ ಯಾವ ಔಷಧದೊಡನೆ ಸೇರಿಸಿ ಹೇಳಲಾಗುತ್ತದೆಯೋ ಆ ಔಷಧವನ್ನು ಪಿರ್ಕೆ ಅವರು ನೋಡಲೇ ಇಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ಪೆನಿಸಿಲಿನ್ ವ್ಯಾಪಕ ಬಳಕೆಗೆ ಬಂತು. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆಯೂ, 1981ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯೋಟಿಕ್ಸ್ ಸಂಸ್ಥೆಯೂ ಸ್ಥಾಪನೆಯಾದವು. ಔಷಧವು ಹಳ್ಳಿಯನ್ನು ತಲುಪಿದಂತೆ ಅದರ ಭಯವೂ ತಲುಪಿತು.

ಭಯಕ್ಕೆ ಆಧಾರವಿಲ್ಲದಿಲ್ಲ. ಪೆನಿಸಿಲಿನ್ ಅಣುವು ಬಹಳ ಚಿಕ್ಕದು. ಅದು ಒಡೆದು ಶರೀರದ ಪ್ರೋಟೀನಿಗೆ ಅಂಟಿಕೊಂಡಾಗ ಕೆಲವರ ಶರೀರವು ಅದನ್ನು ಹೊರವಸ್ತುವೆಂದು ಗುರುತಿಸಿ ಐಜಿಇ ಎಂಬ ಪ್ರತಿವಸ್ತುವನ್ನು ಸಿದ್ಧಪಡಿಸುತ್ತದೆ. ಮುಂದಿನ ಸಾರಿ ಔಷಧ ಬಂದಾಗ ನಿಮಿಷಗಳಲ್ಲಿ, ಹೆಚ್ಚೆಂದರೆ ಒಂದೆರಡು ಗಂಟೆಗಳಲ್ಲಿ ಗಂಧೆ, ತುಟಿ ಮತ್ತು ಗಂಟಲಿನ ಊತ, ಉಬ್ಬಸ, ರಕ್ತದೊತ್ತಡ ಕುಸಿತ ಆಗಬಹುದು. ಇದಕ್ಕೆ ತಕ್ಷಣದ ಔಷಧ ಅಡ್ರಿನಲಿನ್ ಚುಚ್ಚುಮದ್ದು. ಇಂತಹ ಸಂದರ್ಭದಲ್ಲಿ ವಿಳಂಬ ಮಾಡದೆ 108ಕ್ಕೆ ಕರೆ ಮಾಡತಕ್ಕದ್ದು. ಇನ್ನೊಂದು ಬಗೆಯಲ್ಲಿ ದಿನಗಳು ಕಳೆದ ಮೇಲೆ ಚರ್ಮದ ಮೇಲೆ ದದ್ದು ಬರುತ್ತದೆ. ಇದು ಐಜಿಇಯಿಂದಲ್ಲ, ಟ್ಯುಬರ್ಕುಲಿನ್ ಪರೀಕ್ಷೆಯ ಗುಳ್ಳೆಯಂತೆ ರಕ್ತದ ರಕ್ಷಕ ಕಣಗಳಿಂದ ಆಗುವುದು. ಐಜಿಇಯನ್ನು ಇಷಿಜಾಕಾ ದಂಪತಿಗಳು 1966ರಲ್ಲಿ ಗುರುತಿಸಿದರು. ಅದಕ್ಕೂ ಅರವತ್ತು ವರ್ಷ ಮುಂಚೆ ಪಿರ್ಕೆ ಅವರು ದಿನಗಳನ್ನೂ ತಾಸುಗಳನ್ನೂ ಎಣಿಸಲು ಹೇಳಿಕೊಟ್ಟಿದ್ದರು. ಔಷಧ ತೆಗೆದುಕೊಂಡ ಎಷ್ಟು ಹೊತ್ತಿಗೆ ಹೀಗಾಯಿತು ಎಂಬುದು ಇಂದಿಗೂ ವೈದ್ಯರು ಕೇಳುವ ಮೊದಲ ಪ್ರಶ್ನೆಯಾಗಿರುತ್ತದೆ.

ಪರೀಕ್ಷೆಗಳ ವಿಷಯ. ಪೆನಿಸಿಲಿನ್‌ಗೆ ಚರ್ಮದ ಪರೀಕ್ಷೆಯೇ ಅತ್ಯಂತ ವಿಶ್ವಾಸಾರ್ಹವಾದದ್ದು. ಮೊದಲು ಸೂಜಿಮೊನೆಯಿಂದ ಚುಚ್ಚಿ, ನಂತರ ಚರ್ಮದೊಳಕ್ಕೆ ಅತ್ಯಲ್ಪ ಪ್ರಮಾಣ ನೀಡಿ, 15 ರಿಂದ 20 ನಿಮಿಷಗಳ ಬಳಿಕ ಗುಳ್ಳೆಯನ್ನು ಅಳೆಯಲಾಗುತ್ತದೆ. ಜೊತೆಗೆ ಬರೀ ಉಪ್ಪುನೀರು ಹಾಗೂ ಹಿಸ್ಟಮಿನ್ ದ್ರವವನ್ನೂ ಹೋಲಿಕೆಗಾಗಿ ಹಾಕಲಾಗುತ್ತದೆ. ಏನೂ ಆಗದಿದ್ದಲ್ಲಿ ವೈದ್ಯರ ಕಣ್ಣೆದುರಿನಲ್ಲಿಯೇ ಅಮಾಕ್ಸಿಸಿಲಿನ್ ನುಂಗಿಸಿ ಖಚಿತಪಡಿಸಿಕೊಳ್ಳಲಾಗುತ್ತದೆ. ಪ್ರಯೋಗಾಲಯದಲ್ಲಿ ರಕ್ತದಿಂದ ಪೆನಿಸಿಲಿನ್ ವಿರುದ್ಧದ ಐಜಿಇಯನ್ನು ಅಳೆಯುವ ವಿಧಾನವೂ ಇದೆ. ಇದರಲ್ಲಿ ರೋಗಿಗೆ ಅಪಾಯವಿಲ್ಲ. ಆದರೆ ನಿಜವಾಗಿ ಅಲರ್ಜಿ ಇರುವವರಲ್ಲಿಯೂ ಅನೇಕರ ವರದಿ ಇಲ್ಲವೆಂದೇ ಬರಬಹುದಾದ್ದರಿಂದ, ರಕ್ತದ ವರದಿಯೊಂದನ್ನೇ ನಂಬಿ ಔಷಧ ತೆಗೆದುಕೊಳ್ಳತಕ್ಕದ್ದಲ್ಲ. ಪ್ರತಿಕ್ರಿಯೆ ಉಂಟಾದ ಒಂದರಿಂದ ನಾಲ್ಕು ಗಂಟೆಗಳೊಳಗೆ ರಕ್ತ ತೆಗೆದು ಟ್ರಿಪ್ಟೇಸ್ ಎಂಬ ಅಂಶವನ್ನು ಅಳೆದರೆ, ನಡೆದದ್ದು ಅಲರ್ಜಿಯ ಆಘಾತವೇ ಎಂಬುದಕ್ಕೆ ಪುರಾವೆ ದೊರೆಯುತ್ತದೆ. ಬೆಸೊಫಿಲ್ ಕಣಗಳ ಪರೀಕ್ಷೆಯು ವಿಶೇಷ ಪ್ರಯೋಗಾಲಯಗಳಲ್ಲಿ ಮಾತ್ರ ನಡೆಯುತ್ತದೆ.

ಇಂಜೆಕ್ಷನ್ ಕೊಡುವ ಮುನ್ನ ಎಲ್ಲರಿಗೂ ಹಾಕುವ ಟೆಸ್ಟ್ ಡೋಸ್ ನಮ್ಮ ಜನರಿಗೆ ಚಿರಪರಿಚಿತ. ಅದು ಮೇಲೆ ವಿವರಿಸಿದ ಕ್ರಮಬದ್ಧ ಪರೀಕ್ಷೆಗೆ ಸಮನಲ್ಲ. ನೀರು ಬೆರೆಸಿದ ಪ್ರಮಾಣ ಸರಿಯಿಲ್ಲದಿದ್ದರೆ ಅಲರ್ಜಿಯೇ ಇಲ್ಲದವರ ಚರ್ಮವೂ ಕೆಂಪಾಗಬಹುದು. ಆ ಕೆಂಪು ಅಲರ್ಜಿಯೆಂದು ದಾಖಲಾಗಿಬಿಡುತ್ತದೆ.

ಪೆನಿಸಿಲಿನ್ ಅಲರ್ಜಿಯೆಂದು ಹೇಳಿಕೊಳ್ಳುವವರನ್ನು ಪಾಶ್ಚಾತ್ಯ ದೇಶಗಳಲ್ಲಿ ಕ್ರಮವಾಗಿ ಪರೀಕ್ಷಿಸಿದಾಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಆ ಔಷಧ ಒಗ್ಗುತ್ತದೆಂದು ಕಂಡುಬಂದಿದೆ. ಚಿಕ್ಕಂದಿನ ದದ್ದು ವೈರಾಣು ಜ್ವರದ್ದಾಗಿರಬಹುದು, ಪಿತ್ತದ ಗಂಧೆಯಾಗಿರಬಹುದು. ನಿಜವಾದ ಐಜಿಇ ಅಲರ್ಜಿ ಇದ್ದವರಲ್ಲಿಯೂ ಸುಮಾರು ನೂರಕ್ಕೆ ಎಂಬತ್ತು ಮಂದಿಗೆ ಹತ್ತು ವರ್ಷಗಳಲ್ಲಿ ಅದು ಇಲ್ಲವಾಗುತ್ತದೆ. ತಪ್ಪು ನಮೂದಿನ ನಷ್ಟ ಎಲ್ಲಿ ಹೆಚ್ಚೆಂದರೆ, ಸಂಧಿವಾತ ಜ್ವರದಿಂದ ಹೃದಯದ ಕವಾಟ ಹಾಳಾದ ಮಕ್ಕಳಲ್ಲಿ. ಅವರಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ಬೇಕಾಗುತ್ತದೆ. ಒಂದು ಸಲದ ತಲೆಸುತ್ತನ್ನೋ, ಸೂಜಿಯ ಭಯದಿಂದ ಬಂದ ಬೆವರನ್ನೋ ಅಲರ್ಜಿಯೆಂದು ಭಾವಿಸಿ ಅದನ್ನು ನಿಲ್ಲಿಸಿದರೆ ಜ್ವರ ಮರುಕಳಿಸಿ ಕವಾಟ ಇನ್ನಷ್ಟು ಹಾಳಾಗುವ ಸಂಭವವಿರುತ್ತದೆ.

ಮೇಲ್ಕಂಡ ನಾಲ್ಕು ತಾಲ್ಲೂಕುಗಳ ನಾಗರಿಕರು ಮೊದಲಿಗೆ ತಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಂಡು, ಪರೀಕ್ಷೆಯ ಅಗತ್ಯವಿದ್ದಲ್ಲಿ ಜಿಲ್ಲಾ ಆಸ್ಪತ್ರೆಗೆ ಅಥವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಶಿಫಾರಸು ಪತ್ರ ಪಡೆಯಲು ಕೋರಲಾಗಿದೆ. ನ್ಯಾಮತಿ ಭಾಗದವರಿಗೆ ಶಿವಮೊಗ್ಗ ಹತ್ತಿರವಾಗುವುದುಂಟು. ಔಷಧದ ಹೆಸರು ತಿಳಿಯದಿದ್ದಲ್ಲಿ ಹಳೆಯ ಚೀಟಿ, ಖಾಲಿ ಬಾಟಲಿ ಅಥವಾ ಮಾತ್ರೆಯ ಪಟ್ಟಿ ಯಾವುದಾದರೊಂದನ್ನು ತರುವುದು. ತೀವ್ರ ಆಘಾತವಾಗಿದ್ದವರಿಗೆ ನಾಲ್ಕರಿಂದ ಆರು ವಾರ ಕಳೆದ ಮೇಲೆ ಚರ್ಮದ ಪರೀಕ್ಷೆ ಮಾಡಲಾಗುತ್ತದೆ. ಸೆಟ್ರಿಜಿನ್‌ನಂತಹ ಮಾತ್ರೆಗಳು ಮತ್ತು ನೆಗಡಿಯ ಅನೇಕ ಮಾತ್ರೆಗಳು ಗುಳ್ಳೆಯನ್ನು ಅಡಗಿಸುವುದರಿಂದ, ಅವನ್ನು ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಿ ತಿಳಿಯತಕ್ಕದ್ದು. ಹಿಂದೆ ಔಷಧದಿಂದ ಚರ್ಮ ಸುಲಿದು, ಬಾಯಿ ಮತ್ತು ಕಣ್ಣು ಹುಣ್ಣಾಗಿದ್ದವರು ಆ ವಿಷಯವನ್ನು ಮೊದಲೇ ತಿಳಿಸಬೇಕು. ಅಂತಹವರಿಗೆ ಅದೇ ಔಷಧವನ್ನು ಮತ್ತೆ ನೀಡಿ ಪರೀಕ್ಷಿಸಲಾಗುವುದಿಲ್ಲ. ಮನೆಯಲ್ಲಿ ಸ್ವತಃ ಮಾತ್ರೆ ನುಂಗಿ ನೋಡುವುದು ಯಾರಿಗೂ ಸಲ್ಲದು. ಔಷಧ ಒಗ್ಗುತ್ತದೆಂದು ಪರೀಕ್ಷೆಯಿಂದ ತಿಳಿದುಬಂದಲ್ಲಿ ದಿನಾಂಕ ಸಹಿತವಾದ ವರದಿಯನ್ನು ಪಡೆದು, ಹಳೆಯ ಚೀಟಿ ಹಾಗೂ ದಾಖಲೆಗಳಲ್ಲಿರುವ ನಮೂದನ್ನು ಹೊಡೆದುಹಾಕಿಸಿಕೊಳ್ಳತಕ್ಕದ್ದು.